ಹೂಸ್ಟನ್ನಿನ ರಾಥ್ಕೊ ಚಾಪೆಲ್

ಅಮೆರಿಕದ ಹೂಸ್ಟನ್ ನಗರದ ರಾಥ್ಕೊ ಚಾಪೆಲ್, ಚಿತ್ರಕಲೆಯನ್ನೇ ಧ್ಯಾನದ ಆವರಣವಾಗಿಸಿದ ಕಟ್ಟಡ. ಕಲಾಪೋಷಕರಾದ ಜಾನ್ ಮತ್ತು ಡೊಮಿನಿಕ್ ಡಿ ಮೆನಿಲ್ ದಂಪತಿ 1964ರಲ್ಲಿ ಇದರ ಚಿತ್ರಗಳ ಹೊಣೆಯನ್ನು ಮಾರ್ಕ್ ರಾಥ್ಕೊ ಅವರಿಗೆ ವಹಿಸಿದರು. ಎಂಟು ಮೂಲೆಯ ಕೋಣೆಯ ಗೋಡೆಗಳ ಮೇಲೆ ಕಪ್ಪು, ಕಡುನೇರಳೆ ಛಾಯೆಯ 14 ಬೃಹತ್ ಚಿತ್ರಗಳಿವೆ. ವಿಗ್ರಹವಾಗಲಿ ಕಥಾಪ್ರಸಂಗವಾಗಲಿ ಇಲ್ಲ. ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಭಿನ್ನಾಭಿಪ್ರಾಯದಿಂದ ಹಿಂದೆ ಸರಿದಾಗ ಹೋವರ್ಡ್ ಬಾರ್ನ್‌ಸ್ಟೋನ್, ಯೂಜಿನ್ ಆಬ್ರಿ ಕೆಲಸ ಮುಗಿಸಿದರು. ರಾಥ್ಕೊ 1970ರಲ್ಲಿ ತೀರಿಕೊಂಡರು. ಮರುವರ್ಷ ಚಾಪೆಲ್ ಎಲ್ಲ ಧರ್ಮದವರಿಗೂ ತೆರೆಯಿತು. ಮಾಡಿನಿಂದ ಇಳಿಯುವ ಬೆಳಕು ಹೊತ್ತಿಗೆ ತಕ್ಕಂತೆ ಬದಲಾಗುವುದರಿಂದ, ಒಂದೇ ಬಣ್ಣವೆಂದು ಕಂಡ ಚಿತ್ರದಲ್ಲಿ ನಿಧಾನವಾಗಿ ಪದರಗಳು ತೋರುತ್ತವೆ. ಟೆಕ್ಸಾಸಿನ ಪ್ರಖರ ಬಿಸಿಲು ತಡೆಯಲು ಹಾಕಿದ್ದ ಮರೆ ಕೋಣೆಯನ್ನು ಮಂಕಾಗಿಸಿತ್ತು. 2020ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಹೊಸ ಬೆಳಕಿಂಡಿ ಕೂರಿಸಲಾಯಿತು.