ಗಣಕಯಂತ್ರದ ಬೂಟ್ ವೈಫಲ್ಯ

ಬೂಟ್ ವೈಫಲ್ಯ ಎಂದರೆ ಗಣಕಯಂತ್ರದ ಪವರ್ ಗುಂಡಿಯನ್ನು ಒತ್ತಿದ ನಂತರ ಅದು ಕಾರ್ಯಾಚರಣಾ ವ್ಯವಸ್ಥೆಯನ್ನು ಪೂರ್ಣವಾಗಿ ಲೋಡ್ ಮಾಡಲಾಗದೆ ನಡುವೆ ನಿಂತುಹೋಗುವ ಸ್ಥಿತಿ. ಯಂತ್ರವು ಸಂಪೂರ್ಣ ನಿಶ್ಚಲವಾಗಿರುವುದು, ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುವುದು, ಬೀಪ್ ಶಬ್ದ ಕೇಳಿಬರುವುದು, ದೋಷದ ಸಂದೇಶ ಕಾಣಿಸುವುದು ಹಾಗೂ ಮತ್ತೆ ಮತ್ತೆ ತಾನಾಗಿ ಪುನರಾರಂಭಗೊಳ್ಳುವುದು ಇದರ ಸಾಮಾನ್ಯ ರೂಪಗಳು. ಬೂಟ್ ಪ್ರಕ್ರಿಯೆಯು ನಿಶ್ಚಿತ ಕ್ರಮದಲ್ಲಿ ನಡೆಯುವುದರಿಂದ, ಅದು ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಗುರುತಿಸುವುದೇ ದೋಷಪತ್ತೆಯ ಮೂಲತತ್ತ್ವವಾಗಿದೆ.

ಬೂಟ್ ಪ್ರಕ್ರಿಯೆಯ ಹಂತಗಳು

ಐಬಿಎಂ ಪಿಸಿ ಪರಂಪರೆಯ ಗಣಕಯಂತ್ರಗಳಲ್ಲಿ ಬೂಟ್ ಪ್ರಕ್ರಿಯೆಯನ್ನು ಸ್ಥೂಲವಾಗಿ ನಾಲ್ಕು ಹಂತಗಳಾಗಿ ವಿಂಗಡಿಸಬಹುದು.

1. ವಿದ್ಯುತ್ ಪೂರೈಕೆ: ಪವರ್ ಸಪ್ಲೈ ಘಟಕವು ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಈ ವೋಲ್ಟೇಜ್‌ಗಳು ಸ್ಥಿರವಾದ ಬಳಿಕ ‘ಪವರ್ ಗುಡ್’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳುಹಿಸುತ್ತದೆ. ಈ ಸಂಕೇತ ಬರುವವರೆಗೆ ಪ್ರೊಸೆಸರ್ ಕೆಲಸ ಆರಂಭಿಸುವುದಿಲ್ಲ.
2. ಸ್ವಯಂಪರೀಕ್ಷೆ: ಬಯೋಸ್ ಅಥವಾ ಯುಇಎಫ್‌ಐ ಎಂಬ ಫರ್ಮ್‌ವೇರ್ ಸ್ಮೃತಿ, ಗ್ರಾಫಿಕ್ಸ್ ಮತ್ತು ಕೀಲಿಮಣೆಗಳನ್ನು ಪರೀಕ್ಷಿಸುತ್ತದೆ. ಇದನ್ನು ‘ಪೋಸ್ಟ್’ ಎಂದು ಕರೆಯಲಾಗುತ್ತದೆ.
3. ಬೂಟ್ ಲೋಡರ್: ಫರ್ಮ್‌ವೇರ್ ನಿಗದಿತ ಕ್ರಮದಲ್ಲಿ ಡಿಸ್ಕ್‌ಗಳನ್ನು ಹುಡುಕಿ, ಅಲ್ಲಿರುವ ಲೋಡರ್‌ಗೆ ನಿಯಂತ್ರಣವನ್ನು ಒಪ್ಪಿಸುತ್ತದೆ.
4. ಕಾರ್ಯಾಚರಣಾ ವ್ಯವಸ್ಥೆ: ವಿಂಡೋಸ್ ಅಥವಾ ಲಿನಕ್ಸ್‌ನ ಕರ್ನಲ್, ಡ್ರೈವರ್‌ಗಳು ಮತ್ತು ಸೇವೆಗಳು ಕ್ರಮವಾಗಿ ಲೋಡ್ ಆಗುತ್ತವೆ.

ಇತಿಹಾಸ

1981ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿಯೇ ಸ್ವಯಂಪರೀಕ್ಷೆಯ ವ್ಯವಸ್ಥೆಯಿತ್ತು. ಎಲ್ಲವೂ ಸರಿಯಿದ್ದರೆ ಯಂತ್ರವು ಒಂದು ಚಿಕ್ಕ ಬೀಪ್ ಶಬ್ದ ಮಾಡುತ್ತಿತ್ತು. ದೋಷವಿದ್ದರೆ ಪರದೆಯ ಮೇಲೆ ಸಂಖ್ಯೆ ಮೂಡುತ್ತಿತ್ತು. ಉದಾಹರಣೆಗೆ, 201 ಸ್ಮೃತಿಯ ದೋಷವನ್ನೂ 301 ಕೀಲಿಮಣೆಯ ದೋಷವನ್ನೂ ಸೂಚಿಸುತ್ತಿದ್ದವು. 1983ರಲ್ಲಿ ಪಿಸಿ ಡಾಸ್ 2.0 ಆವೃತ್ತಿಯೊಂದಿಗೆ ಮಾಸ್ಟರ್ ಬೂಟ್ ರೆಕಾರ್ಡ್ ಬಳಕೆಗೆ ಬಂದಿತು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿರುವ ಈ ಪುಟ್ಟ ಭಾಗ ಹಾಳಾದರೆ ಡಿಸ್ಕಿನ ಉಳಿದ ಮಾಹಿತಿ ಸುರಕ್ಷಿತವಾಗಿದ್ದರೂ ಯಂತ್ರ ಆರಂಭವಾಗುತ್ತಿರಲಿಲ್ಲ. ಬಯೋಸ್‌ನ ಸ್ಥಾನದಲ್ಲಿ ಹೊಸ ಮಾನಕವನ್ನು ರೂಪಿಸಲು 2005ರಲ್ಲಿ ಯುಇಎಫ್‌ಐ ಫೋರಂ ಸ್ಥಾಪನೆಯಾಯಿತು.

ಲಕ್ಷಣಗಳು ಮತ್ತು ಕಾರಣಗಳು

ಯಂತ್ರ ನಿಶ್ಚಲವಾಗಿರುವುದು

ದೀಪ ಬೆಳಗದೆ, ಫ್ಯಾನ್ ತಿರುಗದೆ ಇದ್ದಲ್ಲಿ ದೋಷವು ಸಾಮಾನ್ಯವಾಗಿ ವಿದ್ಯುತ್ತಿನ ಹಾದಿಯಲ್ಲಿರುತ್ತದೆ. ಗೋಡೆಯ ಸಾಕೆಟ್, ಎಕ್ಸ್‌ಟೆನ್ಶನ್ ಬೋರ್ಡ್, ಯುಪಿಎಸ್, ಪವರ್ ಕೇಬಲ್ ಹಾಗೂ ಪೆಟ್ಟಿಗೆಯ ಹಿಂಬದಿಯ ಸ್ವಿಚ್‌ಗಳನ್ನು ಈ ಕ್ರಮದಲ್ಲಿ ಪರಿಶೀಲಿಸಲಾಗುತ್ತದೆ. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈ ಘಟಕದೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದಾದ್ದರಿಂದ ಆ ಘಟಕವನ್ನು ಮನೆಯಲ್ಲಿ ಬಿಚ್ಚಬಾರದು. ಅದನ್ನು ಇಡಿಯಾಗಿ ಬದಲಿಸುವುದು ರೂಢಿ. ಲ್ಯಾಪ್‌ಟಾಪ್‌ಗಳಲ್ಲಿ ಅಡಾಪ್ಟರ್ ತೆಗೆದು ಪವರ್ ಗುಂಡಿಯನ್ನು ದೀರ್ಘಕಾಲ ಒತ್ತಿಹಿಡಿದರೆ ಕೆಲವೊಮ್ಮೆ ಯಂತ್ರ ಚೇತರಿಸಿಕೊಳ್ಳುತ್ತದೆ.

ಫ್ಯಾನ್ ತಿರುಗಿದರೂ ಚಿತ್ರ ಮೂಡದಿರುವುದು

ಸ್ವಯಂಪರೀಕ್ಷೆ ಮುಗಿಯದಿರುವುದು ಇದಕ್ಕೆ ಮುಖ್ಯ ಕಾರಣ. ಆದರೆ ಯಂತ್ರ ಸರಿಯಾಗಿದ್ದೂ ಮಾನಿಟರ್‌ನ ಕೇಬಲ್ ತಪ್ಪು ಕಿಂಡಿಗೆ ಸೇರಿರುವ ಸಾಧ್ಯತೆಯಿದೆ: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವಾಗ ಮದರ್‌ಬೋರ್ಡಿನ ಕಿಂಡಿಯಿಂದ ಚಿತ್ರ ಬಾರದಿರಬಹುದು. ಡಿಡಿಆರ್5 ಸ್ಮೃತಿಯುಳ್ಳ ಹೊಸ ಯಂತ್ರಗಳು ಮೊದಲ ಬಾರಿ ಸ್ಮೃತಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷಗಳನ್ನು ತೆಗೆದುಕೊಳ್ಳುವುದುಂಟು. ಆ ಅವಧಿಯಲ್ಲಿ ಪರದೆ ಕಪ್ಪಾಗಿರುವುದು ದೋಷವಲ್ಲ.

ಸ್ವಯಂಪರೀಕ್ಷೆಯ ವೇಳೆ ಪರದೆ ಸಿದ್ಧವಾಗಿರದ ಕಾರಣ ದೋಷವನ್ನು ಬೀಪ್ ಶಬ್ದದಿಂದ ಸೂಚಿಸಲಾಗುತ್ತದೆ. ಈ ಸಂಕೇತಗಳು ತಯಾರಕರಿಂದ ತಯಾರಕರಿಗೆ ಭಿನ್ನವಾಗಿವೆ. ಹಳೆಯ ಅವಾರ್ಡ್ ಬಯೋಸ್‌ನಲ್ಲಿ ಒಂದು ದೀರ್ಘ ಮತ್ತು ಎರಡು ಚಿಕ್ಕ ಬೀಪ್‌ಗಳು ಗ್ರಾಫಿಕ್ಸ್ ದೋಷವನ್ನು ಸೂಚಿಸಿದರೆ, ಎಎಂಐ ಬಯೋಸ್‌ನಲ್ಲಿ ಮೂರು ಬೀಪ್‌ಗಳು ಸ್ಮೃತಿಯ ದೋಷವನ್ನೂ ಎಂಟು ಬೀಪ್‌ಗಳು ಗ್ರಾಫಿಕ್ಸ್ ಸ್ಮೃತಿಯ ದೋಷವನ್ನೂ ಸೂಚಿಸುತ್ತವೆ. ಈಚಿನ ಹಲವು ಮದರ್‌ಬೋರ್ಡುಗಳಲ್ಲಿ ಸ್ಪೀಕರ್ ಬದಲು ಪುಟ್ಟ ಎಲ್‌ಇಡಿ ದೀಪಗಳಿರುತ್ತವೆ.

ಇಂತಹ ಸಂದರ್ಭದಲ್ಲಿ ‘ಕನಿಷ್ಠ ಜೋಡಣೆ’ಯ ವಿಧಾನವನ್ನು ಅನುಸರಿಸಲಾಗುತ್ತದೆ. ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ಒಂದೇ ಸ್ಮೃತಿಪಟ್ಟಿಯನ್ನು ಉಳಿಸಿ ಉಳಿದೆಲ್ಲವನ್ನೂ ಕಳಚಿ, ಯಂತ್ರ ಆರಂಭವಾದರೆ ಒಂದೊಂದೇ ಭಾಗವನ್ನು ಮರಳಿ ಜೋಡಿಸಿದಾಗ ದೋಷಯುಕ್ತ ಭಾಗ ತಾನಾಗಿ ಗೊತ್ತಾಗುತ್ತದೆ. ಸ್ಮೃತಿಪಟ್ಟಿಯನ್ನು ತೆಗೆದು ಮತ್ತೆ ಭದ್ರವಾಗಿ ಕೂರಿಸುವುದರಿಂದಲೇ ಅನೇಕ ಯಂತ್ರಗಳು ಸರಿಹೋಗುತ್ತವೆ. ಕೆಲಸಕ್ಕೆ ಮುನ್ನ ಪ್ಲಗ್ ತೆಗೆದು, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ದೇಹದ ಸ್ಥಿರವಿದ್ಯುತ್ತನ್ನು ವಿಸರ್ಜಿಸುವುದು ಅಗತ್ಯ.

ಗಡಿಯಾರ ಹಿಂದಕ್ಕೆ ಹೋಗುವುದು

ಪ್ರತಿ ಬಾರಿಯೂ ದಿನಾಂಕ ಹಳೆಯದಾಗಿ ಕಂಡರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬರಿದಾಗಿದೆ ಎಂದರ್ಥ. ಬಹುತೇಕ ಮೇಜುಗಣಕಗಳಲ್ಲಿ ಇದು ಸಿಆರ್2032 ಮಾದರಿಯದು. ಇದರಿಂದ ಬೂಟ್ ಕ್ರಮದ ಆಯ್ಕೆಗಳೂ ಅಳಿಸಿಹೋಗಿ ಯಂತ್ರಕ್ಕೆ ಡಿಸ್ಕ್ ಸಿಗದಂತಾಗಬಹುದು.

ಬೂಟ್ ಸಾಧನ ಸಿಗದಿರುವುದು

ಮೊದಲು ಯಂತ್ರಕ್ಕೆ ಸಿಕ್ಕಿಸಿರುವ ಪೆನ್‌ಡ್ರೈವ್ ಮತ್ತಿತರ ಸಾಧನಗಳನ್ನು ತೆಗೆದು ನೋಡಲಾಗುತ್ತದೆ. ನಂತರ ಫರ್ಮ್‌ವೇರ್‌ನ ಸೆಟಪ್ ಪುಟದಲ್ಲಿ ಡಿಸ್ಕಿನ ಹೆಸರು ಕಾಣುವುದೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಹೆಸರು ಕಾಣದಿದ್ದರೆ ಕೇಬಲ್ ಅಥವಾ ಡಿಸ್ಕಿನಲ್ಲಿಯೂ, ಕಂಡರೆ ಬೂಟ್ ಕ್ರಮ ಅಥವಾ ಬೂಟ್ ಲೋಡರ್‌ನಲ್ಲಿಯೂ ದೋಷವಿರುವ ಸಂಭವ ಹೆಚ್ಚು.

ವಿಂಡೋಸ್ ಅರ್ಧಕ್ಕೆ ನಿಲ್ಲುವುದು

ಲಾಂಛನ ಮೂಡಿದ ಬಳಿಕ ಯಂತ್ರ ಕುಸಿದರೆ ಡ್ರೈವರ್, ಅಪ್‌ಡೇಟ್ ಅಥವಾ ಹಾಳಾದ ಕಡತಗಳು ಸಾಮಾನ್ಯ ಕಾರಣಗಳಾಗಿರುತ್ತವೆ. ಸತತ ವೈಫಲ್ಯದ ನಂತರ ವಿಂಡೋಸ್ 10 ಮತ್ತು 11 ತಾವಾಗಿಯೇ ದುರಸ್ತಿ ಪುಟವನ್ನು ತೆರೆಯುತ್ತವೆ. ಅಲ್ಲಿಂದ ಅತ್ಯಗತ್ಯ ಡ್ರೈವರ್‌ಗಳನ್ನಷ್ಟೇ ಬಳಸುವ ಸೇಫ್ ಮೋಡ್, ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಂ ರಿಸ್ಟೋರ್ ಮುಂತಾದವುಗಳನ್ನು ಬಳಸಬಹುದು. ಸೇಫ್ ಮೋಡ್‌ನಲ್ಲಿ ಯಂತ್ರ ಸರಿಯಾಗಿ ನಡೆದರೆ ಯಂತ್ರಾಂಶಕ್ಕಿಂತ ತಂತ್ರಾಂಶದ ಮೇಲೆ ಸಂಶಯ ಬಲಗೊಳ್ಳುತ್ತದೆ.

ದತ್ತಾಂಶದ ರಕ್ಷಣೆ

ಯಂತ್ರದ ಭಾಗಗಳನ್ನು ಕೊಳ್ಳಬಹುದು. ಕಳೆದುಹೋದ ಛಾಯಾಚಿತ್ರ ಮತ್ತು ದಾಖಲೆಗಳನ್ನು ಕೊಳ್ಳಲಾಗದು. ಬೂಟ್ ವೈಫಲ್ಯದಿಂದ ಕಡತಗಳು ನಾಶವಾದವೆಂದು ಭಾವಿಸಬೇಕಿಲ್ಲ; ಆತುರದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದರಿಂದಲೇ ಅವು ನಷ್ಟವಾಗುವುದುಂಟು. ಆದ್ದರಿಂದ ಮರುಸ್ಥಾಪನೆಗೆ ಮುನ್ನ ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ ಅಥವಾ ಪೆನ್‌ಡ್ರೈವ್‌ನಿಂದ ಲಿನಕ್ಸ್ ಆರಂಭಿಸಿ ಕಡತಗಳ ಪ್ರತಿ ಮಾಡಿಕೊಳ್ಳುವುದು ಉಚಿತ. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಶಬ್ದ ಬರುತ್ತಿದ್ದರೆ ಮತ್ತೆ ಮತ್ತೆ ಚಾಲನೆ ಮಾಡದೆ ಕೂಡಲೇ ನಿಲ್ಲಿಸಬೇಕು. ಪ್ರತಿ ಪ್ರಯತ್ನವೂ ಹಾನಿಯನ್ನು ಹೆಚ್ಚಿಸಬಹುದು. ಬಿಟ್‌ಲಾಕರ್‌ನಿಂದ ಗೂಢಲಿಪೀಕರಿಸಿದ ಡಿಸ್ಕನ್ನು ಹೊರಗಿನಿಂದ ತೆರೆಯಲು 48 ಅಂಕಿಗಳ ಚೇತರಿಕೆ ಕೀಲಿ ಬೇಕಾಗುತ್ತದೆ. ಮದರ್‌ಬೋರ್ಡ್ ಬದಲಿಸಿದಾಗಲೂ ವಿಂಡೋಸ್ ಈ ಕೀಲಿಯನ್ನು ಕೇಳುವುದರಿಂದ ಅದನ್ನು ಮುಂಚಿತವಾಗಿ ಬೇರೆಡೆ ಬರೆದಿಟ್ಟಿರಬೇಕು.

ಪ್ರಮುಖ ಘಟನೆಗಳು

- ಸಿಐಎಚ್ ವೈರಸ್: 1998ರಲ್ಲಿ ಪತ್ತೆಯಾದ ಈ ವೈರಸ್ 1999ರ ಏಪ್ರಿಲ್ 26ರಂದು ಸಕ್ರಿಯಗೊಂಡು ಡಿಸ್ಕಿನ ಆರಂಭಿಕ ಭಾಗವನ್ನು ಅಳಿಸಿತಲ್ಲದೆ, ಕೆಲವು ಮದರ್‌ಬೋರ್ಡುಗಳ ಬಯೋಸ್ ಚಿಪ್ಪನ್ನೂ ಹಾಳುಗೆಡವಿತು. ಅಂತಹ ಯಂತ್ರಗಳಲ್ಲಿ ಸ್ವಯಂಪರೀಕ್ಷೆಯೂ ನಡೆಯುತ್ತಿರಲಿಲ್ಲ.
- ದೋಷಯುಕ್ತ ಕೆಪಾಸಿಟರ್‌ಗಳು: 2000ದ ದಶಕದ ಆರಂಭದಲ್ಲಿ ಕಳಪೆ ವಿದ್ಯುದ್ವಿಚ್ಛೇದ್ಯವಿದ್ದ ಕೆಪಾಸಿಟರ್‌ಗಳು ಉಬ್ಬಿ, ಸೋರಿ ಅನೇಕ ತಯಾರಕರ ಮದರ್‌ಬೋರ್ಡುಗಳು ಕೆಟ್ಟವು. ಮೇಲ್ಭಾಗ ಉಬ್ಬಿದ ಕೆಪಾಸಿಟರ್ ಇಂದಿಗೂ ಬರಿಗಣ್ಣಿಗೆ ಕಾಣುವ ದೋಷಚಿಹ್ನೆಯಾಗಿದೆ.
- ಕ್ರೌಡ್‌ಸ್ಟ್ರೈಕ್ ಘಟನೆ: 2024ರ ಜುಲೈ 19ರಂದು ಈ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಯುಕ್ತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಾಧಿತವಾದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರು ಸೇರಿದಂತೆ ಭಾರತದ ಹಲವು ವಿಮಾನ ನಿಲ್ದಾಣಗಳಲ್ಲಿ ಸೇವೆಗೆ ಅಡಚಣೆಯಾಯಿತು. ಅನೇಕ ಯಂತ್ರಗಳನ್ನು ಸೇಫ್ ಮೋಡ್ ಅಥವಾ ದುರಸ್ತಿ ಪುಟದಲ್ಲಿ ತೆರೆದು, ದೋಷಯುಕ್ತ ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಇವನ್ನೂ ನೋಡಿ

- ಬಯೋಸ್
- ಮದರ್‌ಬೋರ್ಡ್
- ಕಾರ್ಯಾಚರಣಾ ವ್ಯವಸ್ಥೆ
- ಗಣಕ ವೈರಸ್