ಕಿವಿ, ಮೂಗು ಚುಚ್ಚಿಸುವ ಮುನ್ನ ಈ ಐದು ಸಂಗತಿ ಗಮನಿಸಿ

ಮಗುವಿಗೆ ಕಿವಿ ಚುಚ್ಚಿಸುವುದು ನಮ್ಮ ಅನೇಕ ಮನೆಗಳಲ್ಲಿ ಒಂದು ಶಾಸ್ತ್ರ. ಊರಿನಲ್ಲಾದರೆ ಪರಿಚಯದ ಅಕ್ಕಸಾಲಿಗರಿದ್ದರು. ಮುಂಬೈ, ಪುಣೆ, ಹೈದರಾಬಾದ್‌ನಂಥ ನಗರಗಳಲ್ಲಿ ಆಭರಣ ಮಳಿಗೆ, ಬ್ಯೂಟಿ ಪಾರ್ಲರ್, ಟ್ಯಾಟೂ ಸ್ಟುಡಿಯೊ, ಚರ್ಮರೋಗ ಕ್ಲಿನಿಕ್ ಹೀಗೆ ಹಲವೆಡೆ ಚುಚ್ಚುತ್ತಾರೆ. ಎಲ್ಲಿಗೇ ಹೋದರೂ ದರ ಕೇಳುವ ಮೊದಲು ಸ್ವಚ್ಛತೆಯ ಬಗ್ಗೆ ಕೇಳಿ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುವ ಅಪಾಯವಿದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಉಳಿಯಬಲ್ಲದು.

1. ಹೊಸ ಸೂಜಿ
ಸೀಲ್ ಮಾಡಿದ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಚುಚ್ಚಿದ ಮೇಲೆ ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಿ ವಿಲೇವಾರಿ ಮಾಡಬೇಕು. ಕೈ ತೊಳೆದು ಹೊಸ ಗ್ಲೌಸ್ ಹಾಕಿಕೊಳ್ಳುತ್ತಾರೆಯೇ ನೋಡಿ.

2. ಗನ್ ಬೇಡ
ಮರುಬಳಕೆಯ ಗನ್‌ಗಳಲ್ಲಿ ಪ್ಲಾಸ್ಟಿಕ್ ಭಾಗಗಳಿದ್ದರೆ ಅವು ಆಟೋಕ್ಲೇವ್‌ನ ಶಾಖ ತಾಳುವುದಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಕಿವಿಯ ಮೇಲ್ಭಾಗ ಮತ್ತು ಮೂಗಿಗಂತೂ ಗನ್ ಬೇಡವೇ ಬೇಡ. ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ. ಹಾಗಾಗಿ ಸೋಂಕು ತಗುಲಿದರೆ ಬೇಗ ವಾಸಿಯಾಗುವುದಿಲ್ಲ, ಕಿವಿಯ ಆಕಾರವೇ ಕೆಡಬಹುದು.

3. ಆಟೋಕ್ಲೇವ್ ಇದೆಯೇ?
ಚಿಮಟದಂಥ ಉಪಕರಣಗಳನ್ನು ಒತ್ತಡದ ಹಬೆಯಲ್ಲಿ, ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಇಟ್ಟು ಶುದ್ಧಗೊಳಿಸಬೇಕು. ಯಂತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸರಿಯಾದವರು ಸಂತೋಷದಿಂದ ತೋರಿಸುತ್ತಾರೆ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

4. ಮೊದಲ ಆಭರಣ
ಹೊಸ ಗಾಯಕ್ಕೆ ಅಗ್ಗದ ಗಿಲೀಟು ಓಲೆ ಹಾಕಬೇಡಿ. ಅದರಲ್ಲಿರಬಹುದಾದ ನಿಕಲ್‌ನಿಂದ ಅಲರ್ಜಿಯಾಗಿ ತುರಿಕೆ, ನೀರು ಸೋರುವಿಕೆ ಶುರುವಾಗಬಹುದು. ವೈದ್ಯಕೀಯ ದರ್ಜೆಯ ಟೈಟಾನಿಯಂ ಅಥವಾ ನಿಕಲ್ ಇಲ್ಲದ ಚಿನ್ನ ಒಳ್ಳೆಯದು. ಊತಕ್ಕೆ ಜಾಗ ಇರುವಂತೆ ಕಡ್ಡಿ ತುಸು ಉದ್ದವಿರಲಿ.

5. ಅವರು ನಿಮ್ಮನ್ನು ಏನು ಕೇಳುತ್ತಾರೆ?
ಸಕ್ಕರೆ ಕಾಯಿಲೆ, ರಕ್ತ ತೆಳುಗೊಳಿಸುವ ಮಾತ್ರೆ, ಅಲರ್ಜಿ, ಗಾಯದ ಜಾಗದಲ್ಲಿ ಗಂಟು ಬೆಳೆಯುವ ಕೀಲಾಯ್ಡ್ ಸಮಸ್ಯೆ ಇವುಗಳ ಬಗ್ಗೆ ವಿಚಾರಿಸದೆ ಸೂಜಿ ಎತ್ತುವವರನ್ನು ನಂಬಬೇಡಿ. ಪುಟ್ಟ ಮಗುವಾದರೆ 6, 10 ಮತ್ತು 14ನೇ ವಾರದ ಲಸಿಕೆಗಳು ಮುಗಿಯಲಿ. ಮಕ್ಕಳ ವೈದ್ಯರನ್ನು ಕೇಳಿಯೇ ದಿನ ಗೊತ್ತುಮಾಡಿ.

ಮನೆಯಲ್ಲಿ ಆರೈಕೆ
ಕಿವಿಯ ಹಾಲೆ ಮಾಯಲು 6ರಿಂದ 8 ವಾರ ಬೇಕು. ಮೂಗಿಗೆ ಹಲವು ತಿಂಗಳು, ಕಿವಿಯ ಮೇಲ್ಭಾಗ ಮತ್ತು ಹೊಕ್ಕುಳಿಗೆ 6 ತಿಂಗಳಿಂದ 1 ವರ್ಷ ಹಿಡಿಯಬಹುದು. ದಿನಕ್ಕೆರಡು ಬಾರಿ ಕೈ ತೊಳೆದುಕೊಂಡು, ಔಷಧ ಅಂಗಡಿಯಲ್ಲಿ ಸಿಗುವ 0.9% ಸಲೈನ್‌ನಿಂದ ಗಾಯ ಸ್ವಚ್ಛಗೊಳಿಸಿ. ಅರಿಶಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್ ಹಚ್ಚಬೇಡಿ. ಓಲೆಯನ್ನು ಸುಮ್ಮನೆ ತಿರುಗಿಸುತ್ತಿರಬೇಡಿ.

ಮೊದಲ ಕೆಲವು ದಿನ ತುಸು ಊತ, ನೋವು ಸಹಜ. ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ ಕೂಡಲೇ ವೈದ್ಯರ ಬಳಿ ಹೋಗಿ. ಆಭರಣವನ್ನು ನೀವೇ ತೆಗೆಯಬೇಡಿ. ರಂಧ್ರ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು.