ಮಾರಮ್ಮನ ನಾಡಿಗೆ ದಾಕು ಬಂದ ಬಗೆ

ಸಿಡುಬೆಂಬ ವ್ಯಾಧಿಯು ಭೂಮಂಡಲದಿಂದ ಸಂಪೂರ್ಣವಾಗಿ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು 1980ರ ಮೇ ತಿಂಗಳಿನಲ್ಲಿ ಘೋಷಿಸಿದ ತರುವಾಯ ಹುಟ್ಟಿದವರಿಗೆ, ಆ ರೋಗದ ಹೆಸರನ್ನು ಕೇಳಿ ಗೊತ್ತಿರಬಹುದೇ ಹೊರತು ಅದರ ಭೀತಿಯು ಎಂಥದೆಂಬುದರ ಅನುಭವವಿಲ್ಲ. ತಗುಲಿದ ಹತ್ತು ಮಂದಿಯಲ್ಲಿ ಮೂವರನ್ನು ಕೊಂಡೊಯ್ಯುತ್ತಿದ್ದ, ಉಳಿದವರ ಮುಖದಲ್ಲಿ ಕುಳಿಗಳನ್ನೂ ಕೆಲವರ ಕಣ್ಣುಗಳಲ್ಲಿ ಶಾಶ್ವತವಾದ ಅಂಧಕಾರವನ್ನೂ ಬಿಟ್ಟುಹೋಗುತ್ತಿದ್ದ ಆ ಘೋರವ್ಯಾಧಿಗೆ ನಮ್ಮ ಹಳ್ಳಿಗಳ ಜನ ಇಟ್ಟಿದ್ದ ಹೆಸರು ಅಮ್ಮ. ಮನೆಯಲ್ಲಿ ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆಗಳೆದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಆ ಕ್ಷಣದಿಂದ ಮನೆಯ ನಡೆನುಡಿಯೆಲ್ಲವೂ ಬದಲಾಗುತ್ತಿತ್ತು. ಈ ಚರಿತ್ರೆಯನ್ನು ಮೂಢನಂಬಿಕೆಗೂ ವಿಜ್ಞಾನಕ್ಕೂ ನಡೆದ ಕಾಳಗವೆಂಬಂತೆ ಬರೆಯುವುದು ಈಚೆಗೆ ರೂಢಿಯಾಗಿದೆ. ಕನ್ನಡನಾಡಿನಲ್ಲಿ ನಡೆದುದನ್ನು ಸಮಾಧಾನದಿಂದ ಪರಿಶೀಲಿಸಿದರೆ ಆ ಚಿತ್ರವು ನಿಲ್ಲುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟುತ್ತಿದ್ದರು. ಅದನ್ನು ಕಂಡ ನೆರೆಹೊರೆಯವರು ಹೊಸ್ತಿಲಾಚೆಯೇ ನಿಲ್ಲುತ್ತಿದ್ದರು. ಭಿಕ್ಷುಕನಿಗೆ ಭಿಕ್ಷೆಯಿಲ್ಲ, ಅಗಸನಿಗೆ ಬಟ್ಟೆಯಿಲ್ಲ, ಬಂಧುಗಳಿಗೆ ಆಮಂತ್ರಣವಿಲ್ಲ. ರೋಗಿಯನ್ನು ಬೇವಿನೆಲೆಯ ಮೇಲೆಯೋ ಎಳೆಯ ಬಾಳೆಲೆಯ ಮೇಲೆಯೋ ಮಲಗಿಸಿ, ಬೇವಿನ ಎಸಳುಗಳಿಂದಲೇ ಮೆಲ್ಲನೆ ಗಾಳಿ ಹಾಕುತ್ತಿದ್ದರು. ತುರಿಕೆ ತಡೆಯಲಾರದೆ ಮಗುವು ಕೈಯೆತ್ತಿದರೆ, ಉಗುರಿನಿಂದ ಪರಚಲು ಬಿಡದೆ ಆ ಎಸಳುಗಳಿಂದಲೇ ಸವರುತ್ತಿದ್ದರು. ಒಲೆಯ ಮೇಲೆ ಒಗ್ಗರಣೆಯ ಸದ್ದು ಕೇಳಿಸಕೂಡದು, ಎಣ್ಣೆಯ ಕಮಟು ಏಳಕೂಡದು; ಕಮಟು ತಾಗಿದರೆ ತಾಯಿ ಮುನಿಯುವಳೆಂದು ಇಡೀ ಸಂಸಾರವು ಸಪ್ಪೆಯೂಟ ಮಾಡುತ್ತಿತ್ತು. ಮಜ್ಜಿಗೆ, ಎಳನೀರು, ಮೊಸರನ್ನ, ತಣ್ಣನೆಯ ರಾಗಿಯ ಅಂಬಲಿ, ಇವು ರೋಗಿಯ ಆಹಾರ. ಮನೆಯ ಗಂಡಸರು ಕ್ಷೌರ ಮಾಡಿಸಿಕೊಳ್ಳುತ್ತಿರಲಿಲ್ಲ, ಹೆಂಗಸರು ತಲೆ ಬಾಚುತ್ತಿರಲಿಲ್ಲ, ದಂಪತಿಗಳು ಬ್ರಹ್ಮಚರ್ಯದಿಂದಿರುತ್ತಿದ್ದರು, ಯಾರೂ ದನಿಯೆತ್ತಿ ಜಗಳವಾಡುತ್ತಿರಲಿಲ್ಲ. ಹೊಪ್ಪಳಿಕೆಗಳು ಒಣಗಿ ಉದುರಿದ ಮೇಲೆ ಶುಭದಿನವನ್ನು ನೋಡಿ ಬೇವೂ ಅರಿಸಿನವೂ ಬೆರೆತ ನೀರನ್ನು ಹಾಕಿ, ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿಯನ್ನು ಒಯ್ದು, ಮೊಸರನ್ನದ ಎಡೆಯಿಟ್ಟು, ಮಡಿಲು ತುಂಬಿ ಆಕೆಯನ್ನು ಕಳುಹಿಸಿಕೊಡುತ್ತಿದ್ದರು.

ಈ ಆಚಾರದೊಳಗೆ ಅಡಗಿದ್ದ ವಿವೇಕವನ್ನು ವೈದ್ಯನಾದವನು ಸುಲಭವಾಗಿಯೇ ಗುರುತಿಸಬಲ್ಲನು. ಬಾಗಿಲಿನ ಬೇವು ಪ್ರತ್ಯೇಕವಾಸದ ಸೂಚನೆ. ತಂಪಿನ ಪಾನೀಯವು ಜ್ವರದಲ್ಲಿ ಬತ್ತುವ ದೇಹಕ್ಕೆ ಆಧಾರ. ಪರಚದಂತೆ ಕಾಪಾಡುವುದು ವ್ರಣಗಳು ಕೀವುಗೂಡದಂತೆ ತಡೆಯುವ ಉಪಾಯ. ಇದಕ್ಕಿಂತ ಹೆಚ್ಚಿನ ಮಾತೊಂದಿದೆ. ರೋಗಿಯು ಅಲ್ಲಿ ತ್ಯಾಜ್ಯನಾಗಿರಲಿಲ್ಲ. ವಿಕಾರಗೊಂಡ ಮುಖವನ್ನೂ ದುರ್ಗಂಧವನ್ನೂ ಕಂಡು ಹೇಸಿಕೊಳ್ಳಬಹುದಾಗಿದ್ದ ಕಡೆಯಲ್ಲಿ ನಮ್ಮ ಅಜ್ಜಿಯರು ಆ ದೇಹದಲ್ಲಿ ದೇವಿಯ ಸಾನ್ನಿಧ್ಯವನ್ನು ಕಂಡು, ‘ತಾಯಿ, ತಂಪಾಗಮ್ಮ’ ಎಂದು ಬೇಡಿಕೊಳ್ಳುತ್ತ ರಾತ್ರಿಯೆಲ್ಲ ಎಚ್ಚರವಿದ್ದರು. ಔಷಧವೇ ಇಲ್ಲದಿದ್ದ ರೋಗಕ್ಕೆ ಶುಶ್ರೂಷೆಯೊಂದೇ ಔಷಧವಾಗಿದ್ದ ಕಾಲದಲ್ಲಿ ಆ ಶುಶ್ರೂಷೆಯನ್ನು ಧರ್ಮವನ್ನಾಗಿ ಮಾಡಿದ ನಂಬಿಕೆಯನ್ನು ನಾನು ಲಘುವಾಗಿ ಕಾಣಲಾರೆನು. ಆದರೂ ಸತ್ಯವನ್ನು ಮರೆಮಾಚುವಂತಿಲ್ಲ. ಬೇವು ತುರಿಕೆಯನ್ನು ತಣಿಸಿತೇ ಹೊರತು ಸಾವನ್ನು ತಡೆಯಲಿಲ್ಲ. ಸಪ್ಪೆಯೂಟವನ್ನು ಎಷ್ಟೇ ನಿಷ್ಠೆಯಿಂದ ಪಾಲಿಸಿದ ಮನೆಯಿಂದಲೂ ಎಳೆಯ ಮಕ್ಕಳ ಶವಗಳು ಹೊರಟುವು.

ಮನೆಯ ಆಚಾರ ಒಂದು ತೆರನಾದರೆ ಊರಿನ ಆಚಾರ ಮತ್ತೊಂದು ತೆರ. ಮಾರಿಯ ಪ್ರಕೋಪವು ಹೆಚ್ಚಿದಾಗ ಆಕೆಯ ಸಂಕೇತವಾದ ಮೂರ್ತಿಯನ್ನೋ ಕುಡಿಕೆಯನ್ನೋ ಗಾಡಿಯಲ್ಲಿಟ್ಟು ಮೆರವಣಿಗೆಯಲ್ಲಿ ಊರ ಗಡಿಯನ್ನು ದಾಟಿಸಿ ಬಿಟ್ಟುಬರುವುದೂ, ಮುಂದಿನ ಊರಿನವರು ಅದನ್ನು ತಮ್ಮ ಗಡಿಯಿಂದಾಚೆಗೆ ಸಾಗಿಸುವುದೂ ಅನೇಕ ಸೀಮೆಗಳಲ್ಲಿ ನಡೆದುಬಂದ ಪದ್ಧತಿ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಓಲೆಯ ಕೊಡೆ ಹಿಡಿದು ಮನೆಮನೆಗೆ ಬರುವ ಆಟಿ ಕಳೆಂಜನೂ ಮಾರಿಯನ್ನು ಕಳೆಯುವವನೇ. ಬಯಲುಸೀಮೆಯ ಹಳ್ಳಿಗಳಲ್ಲಿ ಇದಕ್ಕಿಂತ ವಿಲಕ್ಷಣವಾದ ಇನ್ನೊಂದು ವಿಧಿಯುಂಟು, ಅದು ಹೊರಬೀಡು. ನಿಶ್ಚಿತವಾದ ದಿನದಂದು ಬೆಳಗಾಗುವುದರೊಳಗೆ ಊರಿನ ಒಲೆಗಳನ್ನೆಲ್ಲ ಆರಿಸಿ, ದನಕರು ಕೋಳಿ ನಾಯಿಗಳ ಸಮೇತವಾಗಿ ಜನರೆಲ್ಲ ಊರ ಹೊರಗಿನ ತೋಪಿನಲ್ಲಿಯೋ ಹೊಲದಲ್ಲಿಯೋ ಬೀಡುಬಿಟ್ಟು, ಅಡುಗೆ ಊಟಗಳನ್ನು ಅಲ್ಲಿಯೇ ಮುಗಿಸಿ, ಸಂಜೆಯಾದ ಮೇಲೆ ಪೂಜೆ ಮಾಡಿ ಮರಳುವರು. ಅಂದು ಹಗಲೆಲ್ಲ ಊರು ನಿರ್ಜನವಾಗಿರುವುದು. ಈ ಹೊರಬೀಡು ಮುಂದೊಂದು ಕಾಲದಲ್ಲಿ ಎಷ್ಟು ಜನರ ಪ್ರಾಣವನ್ನು ಉಳಿಸಲು ದಾರಿ ತೋರಿತೆಂಬುದನ್ನು ಮುಂದೆ ಹೇಳುತ್ತೇನೆ.

ಇಂಗ್ಲೆಂಡಿನ ಗ್ರಾಮವೈದ್ಯನಾದ ಎಡ್ವರ್ಡ್ ಜೆನ್ನರ್ ಎಂಬಾತನು, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಯಲ್ಲಿದ್ದ ಗೋಸಿಡುಬಿನ ರಸವನ್ನು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಹಚ್ಚಿ, ಅದರಿಂದ ಸಿಡುಬು ದೂರವಾಗುವುದೆಂದು ಕಂಡುಕೊಂಡುದು 1796ರಲ್ಲಿ. ಆ ರಸವು ಬಹುಕಾಲ ಕೆಡದೆ ಉಳಿಯುವಂಥದಲ್ಲ. ಸಮುದ್ರಯಾನದ ಸೆಕೆಯಲ್ಲಿ ಅದರ ಶಕ್ತಿಯೆಲ್ಲ ನಷ್ಟವಾಗುತ್ತಿತ್ತು. ಆದುದರಿಂದ ಅದು ಮನುಷ್ಯರ ತೋಳಿನಿಂದ ತೋಳಿಗೆ ದಾಟುತ್ತ, ಬಾಗ್ದಾದು ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದಿತು. 1802ರ ಜೂನ್ 14ರಂದು ಆ ನಗರದಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಹಾಕಿದ ದಾಕು, ಎಂದರೆ ಆ ರಸದ ಲಸಿಕೆ, ಫಲಿಸಿತು. ಹಿಂದೂದೇಶದ ಉದ್ದಗಲಕ್ಕೂ ಹರಡಿದ ರಸದ ಮೂಲವು ಆ ಕೂಸಿನ ತೋಳು. ಅಲ್ಲಿಂದ ಅದು ದಕ್ಷಿಣಕ್ಕೆ ಇಳಿಯಿತು.

ಆ ವೇಳೆಗೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸುತ್ತಿದ್ದರು. ಅರಮನೆಯ ಅಂತಃಪುರದಲ್ಲಿ ಮಹಾಮಾತೃಶ್ರೀ ಲಕ್ಷ್ಮಮ್ಮಣ್ಣಿಯವರ ಮಾತೇ ಶಾಸನ. ಅರಸರ ಕೈಹಿಡಿದು ಅರಮನೆಗೆ ಬಂದ ದೇವಾಜಮ್ಮಣ್ಣಿಯವರಿಗೆ ದಾಕು ಹಾಕಿಸಲಾಯಿತೆಂದೂ, ಆ ನಿದರ್ಶನವನ್ನು ಕಂಡು ಪ್ರಜೆಗಳು ತಾವಾಗಿ ಮುಂದೆ ಬಂದರೆಂದೂ 1806ರ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳು ಹೇಳುತ್ತವೆ. ಐರ್ಲೆಂಡಿನ ಥಾಮಸ್ ಹಿಕಿ ಎಂಬ ಚಿತ್ರಕಾರನು ಸುಮಾರು 1805ರಲ್ಲಿ ರಚಿಸಿದ ಮೂವರು ಸ್ತ್ರೀಯರ ವರ್ಣಚಿತ್ರವೊಂದುಂಟು. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ಎಣಿಸಿದ್ದರು. ಅದು ಮೈಸೂರಿನ ರಾಣಿವಾಸದವರ ಚಿತ್ರವೆಂದೂ, ಬಲಗಡೆಯ ತರುಣಿಯು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ದಾಕು ಹಾಕಿಸಿಕೊಂಡುದರ ಸೂಚನೆಯೆಂದೂ ನೈಜಲ್ ಚಾನ್ಸೆಲರ್ ಎಂಬ ಇತಿಹಾಸಜ್ಞರು ವಾದಿಸಿದ್ದಾರೆ. ಈ ವಾದವನ್ನು ಒಪ್ಪುವುದಾದರೆ, ಪರಪುರುಷನ ಮುಂದೆ ಮುಖ ತೋರಿಸಲು ಹಿಂಜರಿಯುವ ಕುಲದ ಹೆಣ್ಣುಮಕ್ಕಳು ತಮ್ಮ ತೋಳನ್ನೇ ಪ್ರಜೆಗಳ ಹಿತಕ್ಕಾಗಿ ಪಟದಲ್ಲಿ ತೋರಿಸಿದರೆಂದಾಯಿತು; ನಮ್ಮ ನಾಡಿನ ಚರಿತ್ರೆಯಲ್ಲಿ ಇದಕ್ಕಿಂತ ಗಂಭೀರವಾದ ಧೈರ್ಯವನ್ನು ನಾನು ಹೆಚ್ಚು ಕಂಡಿಲ್ಲ. ಚಾಮುಂಡಿಯ ಪಾದದಡಿಯಲ್ಲಿ ಬಾಳಿದ ಆ ಅರಮನೆಯು ದೇವಿಯ ಪೂಜೆಯೊಂದನ್ನೂ ಬಿಡದೆ ಈ ದಾಕನ್ನು ಸ್ವೀಕರಿಸಿತೆಂಬುದನ್ನು ಮರೆಯಬಾರದು.

ಅದೇ ಕಾಲದಲ್ಲಿ ಮದರಾಸಿನಲ್ಲಿ ಬೇರೊಂದು ಉಪಾಯವನ್ನು ಹೂಡಿದರು. ದ್ರಾವಿಡ ಭಾಷೆಗಳ ವಿಷಯದಲ್ಲಿ ಮಹತ್ತ್ವದ ಸಂಶೋಧನೆ ಮಾಡಿದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಅಧಿಕಾರಿಯು, ದಾಕು ಗೋಮಾತೆಯ ಮೂಲಕ ದೇವಿಯು ಕರುಣಿಸಿದ ಪ್ರಸಾದವೆಂಬರ್ಥದ ಕಥೆಯೊಂದನ್ನು ದೇಶೀಯ ರೀತಿಯಲ್ಲಿ ಕಟ್ಟಿದನು. ಆತನ ಉದ್ದೇಶವು ಲೋಕಹಿತವೇ ಆಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಲ್ಪಿತವಾದ ಪುರಾಣದಿಂದ ಜನರನ್ನು ಒಲಿಸಹೊರಡುವುದರಲ್ಲಿ ಅವರ ಬುದ್ಧಿಯ ಮೇಲೆ ಅವಿಶ್ವಾಸವಿದೆ. ಮೈಸೂರಿನ ಮಾರ್ಗವೇ ಮೇಲಾದುದು.

ದಾಕು ಹಳ್ಳಿಗಳನ್ನು ಹೊಕ್ಕ ಮೇಲೆ ತೊಡಕುಗಳು ಕಾಣಿಸಿಕೊಂಡುವು. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಂದು ಮಗುವಿಗೆ ಹಾಕಬೇಕಾಗಿದ್ದಾಗ, ರಸ ಕೊಡುವ ಮಗುವಿಗೆ ನೋವು, ಪಡೆಯುವವರಿಗೆ ಜಾತಿಯ ಶಂಕೆ. ಇದು ಸಾಲದೆಂಬಂತೆ ಬೇರೆ ರೋಗಗಳೂ ಆ ದಾರಿಯಲ್ಲಿ ಅಂಟಬಹುದಾಗಿತ್ತು. ಆ ಭಯವು ಮೂಢತನವಾಗಿರಲಿಲ್ಲ. ಕರುವಿನಿಂದ ರಸವನ್ನು ತಯಾರಿಸುವ ಪದ್ಧತಿ ಬಂದು, ಬೆಂಗಳೂರು ಬೆಳಗಾವಿಗಳ ಸಂಸ್ಥೆಗಳಿಂದ ಅದು ಸರಬರಾಜಾಗತೊಡಗಿದ ಬಳಿಕ ಆ ಕ್ಲೇಶವು ತಕ್ಕಮಟ್ಟಿಗೆ ಕಳೆಯಿತು. ಹಾಗಾದರೂ ದಾಕಿನವರು ಊರಿಗೆ ಬಂದರೆಂದೊಡನೆ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುವ ತಾಯಂದಿರು ಇದ್ದೇ ಇದ್ದರು. ದಾಕು ಹಾಕಿಸಿದ ಮಗುವಿನ ತೋಳು ಉಬ್ಬಿ ಜ್ವರ ಬಂದಾಗ ಅಮ್ಮನೇ ಬಂದಳೆಂದು ಬಗೆದು, ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ಬಿಟ್ಟು, ಹೊಪ್ಪಳಿಕೆ ಉದುರಿದ ಮೇಲೆ ಮಾರಮ್ಮನಿಗೆ ಎಡೆಯಿಟ್ಟವರೂ ಇದ್ದರು. ಅವರು ಹೊಸದನ್ನು ತಮ್ಮ ಹಳೆಯ ಮನೆಯೊಳಕ್ಕೆ ಬರಮಾಡಿಕೊಂಡ ರೀತಿ ಅದು. ಅದರಿಂದ ದಾಕಿನ ಗುಣಕ್ಕೆ ಯಾವ ಕುಂದೂ ಬರಲಿಲ್ಲ.

ಬಲಾತ್ಕಾರವು ಏನು ಮಾಡಬಲ್ಲುದೆಂಬುದನ್ನು ತೋರಿಸಿದುದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿಯು 1898ರಲ್ಲಿ ಹುಬ್ಬಳ್ಳಿಯನ್ನೂ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನೂ ಮುಟ್ಟಿತು. ಮನೆಗಳನ್ನು ಶೋಧಿಸುವುದು, ರೈಲ್ವೆ ನಿಲ್ದಾಣದಲ್ಲಿ ಹೆಂಗಸರ ಮೈಯನ್ನು ಪರೀಕ್ಷಿಸುವುದು, ರೋಗಿಯನ್ನು ಬಂಧುಗಳಿಂದ ಅಗಲಿಸಿ ಶಿಬಿರಕ್ಕೊಯ್ಯುವುದು, ಶವವನ್ನು ತಪಾಸಣೆಯಿಲ್ಲದೆ ಎತ್ತಲು ಬಿಡದಿರುವುದು, ಈ ಕ್ರಮಗಳಿಂದ ಜನರ ಮನಸ್ಸು ಕುದಿಯಿತು. ಅಮ್ಮ ಬಂದ ಮನೆಯಲ್ಲಿ ದೇವಿಯ ಸಮಾನಳಾಗಿದ್ದ ರೋಗಿಯು ಇಲ್ಲಿ ಅಪರಾಧಿಯಂತಾದಳು. ಆ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗಲಭೆಯೇ ನಡೆಯಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿಯು ಸಿದ್ಧಪಡಿಸಿದ ಲಸಿಕೆಯನ್ನು ಸಹಸ್ರಾರು ಜನ ಹಾಕಿಸಿಕೊಂಡರೆಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೂಜಿಯ ಮೇಲಿನ ಹಗೆಯೇ ಗಲಭೆಗೆ ಕಾರಣವಾಗಿದ್ದ ಪಕ್ಷದಲ್ಲಿ ಹುಬ್ಬಳ್ಳಿಯಲ್ಲಿ ಹೀಗಾಗುತ್ತಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ಆ ಸಂಕಟವನ್ನು ಎದುರಿಸಿದರು. ಕಾಲಕ್ರಮದಲ್ಲಿ ಹಳ್ಳಿಗಳಲ್ಲಿ ನೆಲೆಗೊಂಡ ಕ್ರಮವು ಊರನ್ನು ತೆರವು ಮಾಡುವುದು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಪಟೇಲರು ಡಂಗುರ ಹೊಯ್ಸುವ ಮೊದಲೇ ಜನರು ಗಂಟುಮೂಟೆ ಕಟ್ಟಿ ಹೊಲಗಳಲ್ಲಿ ಷೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ವಾಸಿಸುತ್ತಿದ್ದರು. ಇಲಿಯ ಚಿಗಟದಿಂದ ಹರಡುವ ರೋಗಕ್ಕೆ ಅಂದು ಇದಕ್ಕಿಂತ ಸಮರ್ಥವಾದ ರಕ್ಷೆ ಬೇರೆ ಇರಲಿಲ್ಲ. ಈ ಜನಕ್ಕೆ ಆ ಆಜ್ಞೆಯು ಪರಕೀಯವಾಗಿ ತೋರದಿದ್ದುದಕ್ಕೆ ಕಾರಣವು, ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದ ಹೊರಬೀಡೇ ಎಂದು ನಾನು ನಂಬುತ್ತೇನೆ. ದೇವಿಯ ಹೆಸರಿನಲ್ಲಿ ಒಂದು ಹಗಲು ಊರು ಬಿಟ್ಟು ಬದುಕುವುದನ್ನು ಬಲ್ಲವರಿಗೆ ಒಂದು ಋತುವಿನ ಕಾಲ ಹಾಗೆ ಬದುಕುವುದು ಅಸಾಧ್ಯವಾಗಲಿಲ್ಲ. ಅವರೇ ಹಿಂದಿರುಗಿ ಬಂದು ಪ್ಲೇಗ್ ಮಾರಮ್ಮನಿಗೆ ಗುಡಿಗಳನ್ನೂ ಕಟ್ಟಿದರು. ಬೆಂಗಳೂರಿನಲ್ಲಿ ಆಕೆಗೆ ಇಂದಿಗೂ ಪೂಜೆ ಸಲ್ಲುತ್ತಿದೆ.

ಸಿಡುಬಿನ ನಿರ್ಮೂಲನಕ್ಕೆ ಭಾರತ ಸರಕಾರವು 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಎರಡು ಮೊನೆಯ ಸೂಜಿಯನ್ನು ಹಿಡಿದು ಮನೆಮನೆ ತಿರುಗಿದ ಕೆಳದರ್ಜೆಯ ನೌಕರರ ಶ್ರಮದಿಂದ, 1975ರ ಮೇ ತಿಂಗಳಿನಲ್ಲಿ ದೇಶದ ಕಡೆಯ ರೋಗಿಯು ಅಸ್ಸಾಮಿನಲ್ಲಿ ಗೋಚರಿಸಿದ ಬಳಿಕ, ಆ ಅಮ್ಮ ಮತ್ತೆ ಬರಲಿಲ್ಲ. ಆಕೆಯ ಹೆಸರು ಮಾತ್ರ ಸೀತಾಳೆ ಸಿಡುಬಿಗೂ ದಡಾರಕ್ಕೂ ಉಳಿದುಕೊಂಡಿದೆ. ಈಗಲೂ ಮಗುವಿನ ಮೈಮೇಲೆ ಗುಳ್ಳೆಯೆದ್ದರೆ ಬಾಗಿಲಿಗೆ ಬೇವು ಬರುತ್ತದೆ; ಅಡುಗೆ ಸಪ್ಪೆಯಾಗುತ್ತದೆ. ಅದರಿಂದ ಕೇಡಿಲ್ಲ. ಆದರೆ ದಡಾರವು ಶ್ವಾಸಕೋಶಕ್ಕಿಳಿದು ಮಗುವು ಏದುಸಿರು ಬಿಡುತ್ತಿರುವಾಗಲೂ, ಹಾಲನ್ನು ಒಲ್ಲದೆ ಮಂಕಾಗಿ ಬಿದ್ದಿರುವಾಗಲೂ, ಅಮ್ಮ ಇಳಿಯುವ ತನಕ ಹೊಸ್ತಿಲು ದಾಟಿಸಕೂಡದೆಂದು ಕಾಯುವ ಮನೆಗಳು ಇನ್ನೂ ಇವೆ. ಆ ಕಾಯುವಿಕೆ ಮಗುವಿನ ಪ್ರಾಣವನ್ನೇ ಕೊಳ್ಳಬಹುದು. ಇದನ್ನು ಬಲ್ಲ ತಾಲ್ಲೂಕಿನ ವೈದ್ಯರು ಬೇವನ್ನು ಕಿತ್ತೆಸೆಯಿರೆಂದು ಹೇಳುವುದಿಲ್ಲ. ಪೂಜೆಯನ್ನು ಮುಗಿಸಿಕೊಳ್ಳಿ, ಎಳನೀರು ಕುಡಿಸಿ, ಉಸಿರು ವೇಗವಾದರೆ ಮಾತ್ರ ರಾತ್ರಿಯೆಂದು ನೋಡದೆ ಕೂಸನ್ನು ಎತ್ತಿಕೊಂಡು ಬನ್ನಿ ಎಂದು ಅಜ್ಜಿಯನ್ನೂ ತಾಯಿಯನ್ನೂ ಒಟ್ಟಿಗೆ ಕೂರಿಸಿ ಹೇಳುತ್ತಾರೆ. ಒಂಬತ್ತನೆಯ ತಿಂಗಳು ತುಂಬಿದೊಡನೆ ದಡಾರದ ಚುಚ್ಚುಮದ್ದು ಹಾಕಿಸಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಸೇರಿಸುತ್ತಾರೆ.